ಪೆನ್ಸಿಲ್ವೇನಿಯಾದಲ್ಲಿ ಕಷಾಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಒಂದು ಪುಟದ ಲೇಖನ ಬರೆದಿದ್ದೆ. ತೀರ್ಥಹಳ್ಳಿ ಹತ್ತಿರದ ನಮ್ಮೂರಿನಿಂದ ನಾನು ಮತ್ತು ನಮ್ಮನೆಯವರು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಸಣ್ಣ ದೇವಸ್ಥಾನಕ್ಕೆ ಸೇವೆಗೆ ಹೋಗಿ, 2022ರ ಏಪ್ರಿಲ್‌ನಿಂದ 2023ರ ಅಕ್ಟೋಬರ್‌ವರೆಗೆ ಇದ್ದು ಬಂದ ಕತೆ ಅದು. ಹೋಗುವಾಗ ಅವರಿಗೆ 66, ನನಗೆ 61. ಅವರು ಊರ ದೇವಸ್ಥಾನದಲ್ಲಿ ಪೂಜೆ ಮಾಡಿಕೊಂಡು ತೋಟ ನೋಡುತ್ತಿದ್ದವರು. ನಾನು ಪ್ರೈಮರಿ ಶಾಲೆ ಟೀಚರ್ ಆಗಿದ್ದು ರಿಟೈರ್ ಆದವಳು.

ಲೇಖನಕ್ಕೆ ಬಂದ ಪತ್ರಗಳನ್ನೆಲ್ಲ ಸಂಪಾದಕರು ಒಂದು ಕವರಿಗೆ ತುಂಬಿ ಕಳಿಸಿ, "ನೀವೇ ಉತ್ತರ ಬರೆದುಬಿಡಿ ಮೇಡಂ" ಅಂದರು. ಒಂದೇ ಪ್ರಶ್ನೆ ಕೇಳಿದವರನ್ನು ಒಟ್ಟಿಗೆ ಸೇರಿಸಿದ್ದೇನೆ. ಅಕ್ಷರ ತಪ್ಪುಗಳನ್ನು ತಿದ್ದಿದ್ದೇನೆ, ಹಳೇ ಅಭ್ಯಾಸ.

ಮೇಡಂ, ನಮ್ಮ ಯಜಮಾನರಿಗೂ ಪೂಜೆ ಪುರಸ್ಕಾರ ಬರುತ್ತೆ. ಇಂಥ ಸೇವೆಗೆ ಹೋಗಲು ಯಾವ ವೀಸಾ? ಹೆಂಡತಿಗೂ ಸಿಗುತ್ತಾ?
(ಒಬ್ಬ ಓದುಗರು, ಸಾಗರ)

ಆರ್-1 ಅಂತ ಒಂದು ವೀಸಾ ಇದೆ. ಧಾರ್ಮಿಕ ಕೆಲಸಕ್ಕೆ ಹೋಗುವವರಿಗೆ ಕೊಡುವುದು. ನಾವು ಅರ್ಜಿ ಹಾಕುವುದಕ್ಕೆ ಮೊದಲು ಅಲ್ಲಿನ ದೇವಸ್ಥಾನದವರು ಅವರ ಸರ್ಕಾರಕ್ಕೆ ಅರ್ಜಿ ಹಾಕಿ ಒಪ್ಪಿಗೆ ತರಿಸಬೇಕು. ಹೋಗುವವರು ಹಿಂದಿನ ಎರಡು ವರ್ಷವಾದರೂ ಆ ಧರ್ಮ ಸಂಪ್ರದಾಯದಲ್ಲೇ ಇದ್ದವರು ಅಂತ ತೋರಿಸಬೇಕು. ವಾರಕ್ಕೆ ಕನಿಷ್ಠ 20 ಗಂಟೆ ಕೆಲಸ ಇರಬೇಕು. ಮೊದಲ ಸಲ 30 ತಿಂಗಳವರೆಗೆ ಕೊಡುತ್ತಾರೆ, ಎಲ್ಲ ಸೇರಿ 5 ವರ್ಷಕ್ಕೆ ಮೀರುವಂತಿಲ್ಲ. ಸಂದರ್ಶನಕ್ಕೆ ನಾವು ಚೆನ್ನೈಗೆ ಹೋಗಿದ್ದೆವು.

ಹೆಂಡತಿಗೆ ಆರ್-2. ಅವಳು ಅಲ್ಲಿ ಇರಬಹುದು, ಓದಬಹುದು, ಸಂಬಳದ ಕೆಲಸ ಮಾಡುವಂತಿಲ್ಲ. ಇಲ್ಲೇ ನಾನು ಸ್ವಲ್ಪ ನಿಂತು ಮಾತಾಡಬೇಕು.

ಚೆನ್ನೈಯಲ್ಲಿ ಗಾಜಿನ ಆಚೆ ಕೂತಿದ್ದ ಹುಡುಗಿ ಇವರನ್ನು ನಾಲ್ಕು ಪ್ರಶ್ನೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಅಲ್ಲಿ ಏನು ಮಾಡ್ತೀರಿ?" ಅಂದಳು. "ಇವರ ಜೊತೆ ಇರ್ತೀನಿ" ಅಂದೆ. ಅದು ಆಗ ಸತ್ಯವೇ. ಅಲ್ಲಿಗೆ ಹೋದ ಎರಡನೇ ಭಾನುವಾರ ಬೆಳಿಗ್ಗೆ 300 ಇಡ್ಲಿ ಬೇಯಿಸಿದೆ. ಕಾಗದದ ಮೇಲೆ ನಾನು ಯಾರೂ ಅಲ್ಲ, ಅಡುಗೆಮನೆಯಲ್ಲಿ ನಾನಿಲ್ಲದೆ ಒಲೆ ಹತ್ತಲ್ಲ.

ಒಂದು 200 ಪುಟದ ನೋಟ್‌ಬುಕ್ ಒಯ್ದಿದ್ದೆ, ಶಾಲೆಯ ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದುಕೊಂಡು ದಿನಾ ಬರೆದೆ. ಎಷ್ಟು ಅಕ್ಕಿ, ಎಷ್ಟು ಗಂಟೆ, ಸಹಾಯಕ್ಕೆ ಯಾರು ಬಂದರು ಅಂತ. ಮೂರನೇ ತಿಂಗಳು ಆ ಪುಸ್ತಕ ಕಮಿಟಿಯವರ ಮುಂದಿಟ್ಟೆ. "ಅಮ್ಮಾ, ಸೇವೆ ಅಂದಮೇಲೆ ಲೆಕ್ಕ ಯಾಕೆ?" ಅಂದರು ಒಬ್ಬರು. ಹುಂಡಿಗೆ ಲೆಕ್ಕ ಇದೆ, ತುಪ್ಪಕ್ಕೆ ಲೆಕ್ಕ ಇದೆ, ಹೂವಿಗೂ ಇದೆ. ಬೇಡವಾಗಿದ್ದು ನನ್ನ ಗಂಟೆಗಳ ಲೆಕ್ಕ ಮಾತ್ರ. ನಾನು ಜಗಳ ಮಾಡಲಿಲ್ಲ, ಪುಸ್ತಕ ಮುಚ್ಚಲೂ ಇಲ್ಲ. ಮುಂದಿನ ವಾರದಿಂದ ಭಾನುವಾರ ನಾಲ್ಕು ಜನ ಪಾಳಿ ಮೇಲೆ ಅಡುಗೆಗೆ ಬರತೊಡಗಿದರು. ಅದರಲ್ಲಿ ಇಬ್ಬರು ಗಂಡಸರು, ಒಬ್ಬರು ಹೃದಯದ ಡಾಕ್ಟರು. ಈರುಳ್ಳಿ ಇಲ್ಲದ ಸಾಂಬಾರಿಗೆ ಕುಂಬಳಕಾಯಿ ಅವರಷ್ಟು ಸಮ ಹೆಚ್ಚುವವರನ್ನು ನಾನು ಕಂಡಿಲ್ಲ.

ಹಾಗಾಗಿ ಸಾಗರದ ಅಮ್ಮಾ, ಯಜಮಾನರ ಕಾಗದಪತ್ರ ಅವರು ನೋಡಿಕೊಳ್ಳಲಿ. ನೀವು ಹೊರಡುವ ಮೊದಲೇ ಒಂದು ವಿಷಯ ಕೇಳಿ, ಬರವಣಿಗೆಯಲ್ಲಿ ಕೇಳಿ: ಅಡುಗೆ ಯಾರು ಮಾಡೋದು?

ಡಾಲರ್ ಎಷ್ಟು ತಂದಿರಿ?
(ಮೂವರು ಓದುಗರು. ಮೂವರೂ ಊರ ಹೆಸರು ಬರೆದಿಲ್ಲ)

ಇರಲು ರೂಮು, ಊಟ, ಇವರಿಗೆ ತಿಂಗಳಿಗೆ ಇಷ್ಟು ಅಂತ ಕೈಖರ್ಚಿಗಿಂತ ಸ್ವಲ್ಪ ಜಾಸ್ತಿ. ಬಂದಮೇಲೆ ಕೊಟ್ಟಿಗೆಗೆ ಹೊಸ ಶೀಟು ಹೊದೆಸಿದೆವು. ಲೆಕ್ಕ ಹಾಕಿಕೊಳ್ಳಿ.

ದಿನ ಹೇಗೆ ಕಳೆಯುತ್ತಿದ್ದಿರಿ? ಅಲ್ಲಿ ಪೂಜೆ ನಮ್ಮ ಹಾಗೇನಾ?
(ಓದುಗರು, ಕೊಪ್ಪ ಮತ್ತು ಹೊಸನಗರ)

ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ಅಲ್ಲೂ ತಪ್ಪಲಿಲ್ಲ. ದೇವಸ್ಥಾನದ ಹಿಂದೆಯೇ ನಮ್ಮ ರೂಮು. ಚಳಿಗಾಲದಲ್ಲಿ ಇವರು ಪಂಚೆಯ ಮೇಲೆ ಮೊಣಕಾಲಿನವರೆಗೆ ಬರುವ ಜಾಕೆಟ್ ಹಾಕಿಕೊಂಡು, ಕೈಯಲ್ಲಿ ಉಪ್ಪಿನ ಬಕೆಟ್ ಹಿಡಿದು ಹೊರಡುತ್ತಿದ್ದರು. ಮೆಟ್ಟಿಲ ಮೇಲೆ ಕಲ್ಲುಪ್ಪು ಎರಚಿದರೆ ಮಂಜುಗಡ್ಡೆ ಕರಗುತ್ತೆ. ದೇವಸ್ಥಾನದ ಮೊದಲ ಸೇವೆ ಅದೇ, ಸುಪ್ರಭಾತ ಆಮೇಲೆ. ಹಾಲು ಗ್ಯಾಲನ್ ಕ್ಯಾನಿನಲ್ಲಿ ಬರುತ್ತೆ, ಒಂದು ಗ್ಯಾಲನ್ ಅಂದರೆ ಹತ್ತಿರ ಹತ್ತಿರ 3.8 ಲೀಟರ್. ಅಭಿಷೇಕಕ್ಕೆ ತಣ್ಣನೆ ಹಾಲು ಹಾಕಲು ಇವರಿಗೆ ಮನಸ್ಸು ಬರುತ್ತಿರಲಿಲ್ಲ, "ದೇವರಿಗೂ ಚಳಿ" ಅಂತ ಉಗುರುಬೆಚ್ಚಗೆ ಮಾಡಿಸುತ್ತಿದ್ದರು.

ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಜನವೇ ಇಲ್ಲ. ಮಂಗಳಾರತಿ ಹೊತ್ತಿಗೆ ನಾನೊಬ್ಬಳೇ ನಿಂತು ಕೈಮುಗಿದ ದಿನಗಳು ಎಷ್ಟೋ. ಶನಿವಾರ ಭಾನುವಾರ ಕಾಲಿಡಲು ಜಾಗ ಇಲ್ಲ. ಹಬ್ಬಗಳೂ ಹಾಗೇ ಜರುಗುತ್ತವೆ. ಚೌತಿ ಬುಧವಾರ ಬಂದರೆ ಬುಧವಾರ ಪೂಜೆ ನಮ್ಮಿಬ್ಬರದ್ದು, ಊರವರದ್ದು ಶನಿವಾರ. ಜನವರಿ 1 ನಮ್ಮ ಪಂಚಾಂಗದಲ್ಲಿ ಏನೂ ಅಲ್ಲ, ಅಲ್ಲಿ ಅದೇ ದೊಡ್ಡ ಜಾತ್ರೆ. 2023ರಲ್ಲಿ ಅದು ಭಾನುವಾರವೇ ಬಂತು. ಅವತ್ತು ಪುಳಿಯೋಗರೆ ಗೊಜ್ಜು ಕಲಸಿ ಕಲಸಿ ನನ್ನ ಬಲಗೈ ಮೂರು ದಿನ ಮೇಲೇಳಲಿಲ್ಲ.

ಪೂಜೆ ಶುರುವಿನಲ್ಲಿ ಎಲ್ಲಿ, ಯಾವ ದಿನ ಅಂತ ಹೇಳಿಕೊಳ್ಳುವ ಸಂಕಲ್ಪ ಬದಲಾಗುತ್ತೆ. ಇಲ್ಲಿ "ಜಂಬೂದ್ವೀಪೇ ಭರತವರ್ಷೇ" ಅನ್ನುತ್ತೇವಲ್ಲ, ಅಲ್ಲಿ "ಕ್ರೌಂಚದ್ವೀಪೇ ರಮಣಕವರ್ಷೇ" ಅನ್ನುವ ರೂಢಿ. ಅರವತ್ತು ವರ್ಷದ ನಾಲಿಗೆ ಕೇಳಬೇಕಲ್ಲ. ಮೊದಲ ತಿಂಗಳು ಇವರು "ಜಂಬೂ..." ಅಂತ ಶುರು ಮಾಡಿ, ಕೆಮ್ಮಿ, ಮತ್ತೆ ಶುರು ಮಾಡುತ್ತಿದ್ದರು. ಯಜಮಾನರಿಗೆ ಕೆಮ್ಮು ಅಂತ ಒಬ್ಬರು ಜೇನುತುಪ್ಪ ತಂದುಕೊಟ್ಟರು.

ಪಂಚಾಂಗದ ಗೋಳು ಬೇರೆ. ಯಾವ ದಿನಕ್ಕೆ ಯಾವ ತಿಥಿ ಅನ್ನುವುದು ಆ ಊರಿನ ಸೂರ್ಯೋದಯದ ಮೇಲೆ ನಿಂತಿದೆ. ಅಲ್ಲಿ ಬೆಳಗಾಗುವಾಗ ಇಲ್ಲಿ ಹೊತ್ತು ಇಳಿದಿರುತ್ತೆ. ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಹತ್ತೂವರೆ. ಹಾಗಾಗಿ ಇಲ್ಲಿಂದ ಒಯ್ದ ಪಂಚಾಂಗ ಅಲ್ಲಿಗೆ ನಡೆಯಲ್ಲ, ಕೆಲವು ಸಲ ಏಕಾದಶಿ ಒಂದು ದಿನ ಮೊದಲೇ ಬಂದುಬಿಡುತ್ತೆ. ನನ್ನ ನಾದಿನಿ ಫೋನ್ ಮಾಡಿ "ಅತ್ತಿಗೆ, ಇವತ್ತು ಏಕಾದಶಿ, ಅನ್ನ ಉಣ್ಣಬೇಡಿ" ಅಂದಾಗ ನಾವು ಏಕಾದಶಿ ಉಪವಾಸ ಬಿಟ್ಟು, ಪಾರಣೆ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆವು.

ಇನ್ನು ಕಾರು ಪೂಜೆ. ಪಾರ್ಕಿಂಗ್ ಜಾಗದಲ್ಲಿ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು, ಬಾನೆಟ್ ಮೇಲೆ ಸ್ವಸ್ತಿಕ. ಒಂದು ಸಲ ಟೆಸ್ಲಾ ಅನ್ನುವ ಕರೆಂಟಿನ ಕಾರು ಬಂತು. ಇವರು ಮಂತ್ರ ಮುಗಿಸಿ, "ಈಗ ಸ್ಟಾರ್ಟ್ ಮಾಡಿ" ಅಂತ ಪಕ್ಕಕ್ಕೆ ನಿಂತರು. ಸದ್ದೇ ಇಲ್ಲ. "ಸ್ಟಾರ್ಟ್ ಮಾಡಿ, ಸ್ಟಾರ್ಟ್ ಮಾಡಿ" ಅಂತ ಇನ್ನೂ ಹೇಳುತ್ತಲೇ ಇದ್ದಾರೆ, ನಿಂಬೆಹಣ್ಣು ಚಪ್ಪಟೆಯಾಗಿ ಕಾರು ಮುಂದೆ ಹೋಗಿಯೇ ಬಿಟ್ಟಿತ್ತು!

ಹೋಮ ಮಾತ್ರ ಒಳಗೆ ಮಾಡುವ ಹಾಗಿಲ್ಲ. ಹೊಗೆ ಕಂಡರೆ ಗಂಟೆ ಹೊಡೆದುಕೊಳ್ಳುತ್ತೆ, ಅಗ್ನಿಶಾಮಕದವರು ಬಂದುಬಿಡುತ್ತಾರೆ. ಹೊರಗೆ ತಗಡಿನ ಚಪ್ಪರದಡಿ ಮಾಡುತ್ತಿದ್ದೆವು. ಒಂದು ಸಲ ಕಾಡಿನಿಂದ ಜಿಂಕೆಗಳು ಬಂದು ಪೂರ್ಣಾಹುತಿ ಮುಗಿಯುವವರೆಗೂ ನಿಂತಿದ್ದವು. ಅದನ್ನು ಪವಾಡ ಅಂತ ಫೋಟೋ ಹಂಚಿದರು. ಅದೇ ಜಿಂಕೆಗಳು ಮಾರನೇ ದಿನ ನನ್ನ ಚೆಂಡುಹೂವಿನ ಗಿಡ ಬುಡಸಮೇತ ಮೇಯ್ದವು, ಅದರ ಫೋಟೋ ಯಾರೂ ಹಂಚಲಿಲ್ಲ.

ಅಕ್ಕಾ, ಅಲ್ಲಿ ಮರೆಯಲಾಗದ ದಿನ ಯಾವುದು?
(ಓದುಗರು, ಶಿವಮೊಗ್ಗ ವಿನೋಬನಗರ)

ಹಬ್ಬದ ದಿನ ಯಾವುದನ್ನಾದರೂ ಹೇಳಬಹುದಿತ್ತು. ನೆನಪಿರುವುದು ಬೇರೆ.

ಫೆಬ್ರವರಿಯಲ್ಲಿ ಒಬ್ಬರು ತೀರಿಕೊಂಡರು. ಕನ್ನಡದವರು, ಮಗನ ಮನೆಗೆ ಬಂದಿದ್ದ ತಾಯಿ. ನಮ್ಮಲ್ಲಿ ಅಪರಕ್ರಿಯೆ ಮಾಡಿಸುವವರು ಬೇರೆ, ದೇವಸ್ಥಾನದಲ್ಲಿ ಪೂಜೆ ಮಾಡುವವರು ಬೇರೆ. ಇವರು ಜೀವಮಾನದಲ್ಲಿ ಆ ಕೆಲಸಕ್ಕೆ ಹೋದವರಲ್ಲ. ಆದರೆ ಹಿಮ ಬಿದ್ದು ರಸ್ತೆ ಮುಚ್ಚಿತ್ತು, ದೂರದ ಊರಿನಿಂದ ಬರಬೇಕಾದ ಪುರೋಹಿತರು ಬರಲಾಗಲಿಲ್ಲ. ಆ ಮಗ ನಮ್ಮ ರೂಮಿನ ಬಾಗಿಲಲ್ಲಿ ಬೂಟು ಬಿಚ್ಚದೆ ಹಾಗೇ ನಿಂತಿದ್ದ. ಇವರು ನನ್ನ ಮುಖ ನೋಡಿದರು. ನಾನು ಅಕ್ಕಿ, ಎಳ್ಳು, ದರ್ಭೆ ಕಟ್ಟಿಕೊಟ್ಟೆ.

ಅಲ್ಲಿ ಅದಕ್ಕೆಂದೇ ಒಂದು ಕಟ್ಟಡ. ಕಾರ್ಪೆಟ್ಟು, ಸೋಫಾ, ಮೂಲೆಯಲ್ಲಿ ಕಾಫಿ. ಆ ತಾಯಿಗೆ ರೇಷ್ಮೆ ಸೀರೆ ಉಡಿಸಿದ್ದರು. ಸೆರಗು ಉಲ್ಟಾ ಇತ್ತು, ನಾನು ಸರಿಮಾಡಿದೆ. ಇವರು ಫೋನಿನಲ್ಲಿ ತೀರ್ಥಹಳ್ಳಿಯ ಪುರೋಹಿತರನ್ನು ಇಟ್ಟುಕೊಂಡು, ಅವರು ಹೇಳಿದ್ದನ್ನು ಇವರು ಹೇಳಿ, ಇವರು ಹೇಳಿದ್ದನ್ನು ಮಗ ಹೇಳಿ, ಹಾಗೆ ನಡೆಯಿತು. ಅಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ. ಪುರೋಹಿತರ ಹಿಂದೆ ಗೋಡೆ ಗಡಿಯಾರ ಒಂಬತ್ತು ಹೊಡೆದದ್ದು ನಮಗೆ ಕೇಳಿಸಿತು.

ಒಳಗೆ ದೊಡ್ಡ ಸ್ಟೀಲ್ ಬಾಗಿಲು. ಪಕ್ಕದಲ್ಲಿ ಬಟನ್. ಕೊಳ್ಳಿ ಇಡುವ ಬದಲು ಅದನ್ನು ಒತ್ತಬೇಕು. ಆ ಹುಡುಗ ಬೆರಳು ಮುಂದೆ ಮಾಡಿ, ತಿರುಗಿ ಇವರನ್ನು ಕೇಳಿದ: "ಒತ್ತಲಾ?" ಐವತ್ತು ವರ್ಷದ ಗಂಡಸು, ಶಾಲೆ ಮಗುವಿನ ಹಾಗೆ ಕೇಳಿದ. ಬಟನ್ನಿಗೆ ಯಾವ ಮಂತ್ರ ಅಂತ ಇವರಿಗೂ ಗೊತ್ತಿಲ್ಲ. ಫೋನಿನ ಆ ಕಡೆ ಪುರೋಹಿತರೂ ಸುಮ್ಮನಾದರು. ಆಮೇಲೆ ಇವರು ಆ ಹುಡುಗನ ಕೈಯ ಮೇಲೆ ತಮ್ಮ ಕೈ ಇಟ್ಟು, "ಅಗ್ನಿಗೆ ಅಂತ ಹೇಳುವುದನ್ನೇ ಹೇಳ್ತೀನಿ, ಒತ್ತಪ್ಪಾ" ಅಂದರು.

ವಾಪಸ್ ಬಂದು ಇವರು ಪಂಚೆಯಲ್ಲೇ ಬಾತ್‌ಟಬ್ಬಿಗೆ ಇಳಿದು ಶವರ್ ಬಿಟ್ಟುಕೊಂಡು ನಿಂತರು. ತುಂಗೆಯಲ್ಲಿ ಮುಳುಗಿ ಏಳುವ ಜನ. ಆ ಸದ್ದು ಅರ್ಧ ಗಂಟೆ ಕೇಳಿಸಿತು. ಬಿಸಿನೀರು ಮುಗಿದಿರಬೇಕು, ನಾನು ಬಾಗಿಲು ತಟ್ಟಲಿಲ್ಲ.

ಅಷ್ಟು ದಿನ ತೋಟ, ಮನೆ, ಪೆನ್ಷನ್ ಎಲ್ಲ ಯಾರು ನೋಡಿಕೊಂಡರು?
(ಓದುಗರು, ಶೃಂಗೇರಿ. ಇವರು ಅಡಿಕೆ ಬೆಳೆಗಾರರು ಅಂತ ಅಕ್ಷರದಲ್ಲೇ ಗೊತ್ತಾಗುತ್ತೆ)

ನಮ್ಮದು ಒಂದೂವರೆ ಎಕರೆ. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ ಕೊಟ್ಟೆವು. ಔಷಧಿ ಹೊಡೆಸುವ ಜವಾಬ್ದಾರಿ ಮೈದುನನದ್ದು. ಬೋರ್ಡೋ ದ್ರಾವಣದ ಹದ ನಿಮಗೆ ಹೇಳಬೇಕಾಗಿಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೊದಲ ಸಲ ಮಳೆ ಹಿಡಿಯುವ ಮೊದಲೇ ಆಯಿತು. ಎರಡನೆಯದು ಜುಲೈಯಲ್ಲಿ ಬಿಡುವು ಸಿಗದೆ ತಡವಾಯಿತು, ಕೊಳೆರೋಗ ಬಂತು. ವಾಟ್ಸಾಪ್ ವಿಡಿಯೋದಲ್ಲಿ ಮೈದುನ ಉದುರಿದ ಕಾಯಿ ತೋರಿಸಿದ. ಇವರು ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು "ಆ ಮೂಲೆ ಮರ ತೋರಿಸು, ಈ ಕಡೆ ತೋರಿಸು" ಅನ್ನುತ್ತಿದ್ದರು. ಅವತ್ತು ರಾತ್ರಿ ಊಟ ಮಾಡಲಿಲ್ಲ. ತೋಟ ಬಿಟ್ಟು ಹೋಗುವವರು ಎರಡನೇ ಔಷಧಿಗೆ, ಮರ ಹತ್ತಿ ಹೊಡೆಯುವ ಕೊನೆಗಾರನಿಗೆ ಮೊದಲೇ ಮುಂಗಡ ಕೊಟ್ಟು ಹೋಗಿ. ಸಂಬಂಧಿಕರು ಅಂದರೆ ಸಂಬಂಧಿಕರೇ, ಮಳೆ ಅಂದರೆ ಮಳೆ.

ಮನೆ ಮುಚ್ಚಿದರೆ ಮಲೆನಾಡಿನಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ. ವಾರಕ್ಕೆ ಎರಡು ದಿನ ಒಲೆ ಹಚ್ಚಿ ಹೊಗೆ ಮಾಡಲು ಪಕ್ಕದ ಮನೆಯವಳಿಗೆ ಹೇಳಿದ್ದೆ. ಅವಳು ಮಾಡಿದಳು. ಆದರೂ ಕಪಾಟಿನಲ್ಲಿದ್ದ ರೇಷ್ಮೆ ಸೀರೆಗೆ ಬೂಷ್ಟು ಬಂದಿತ್ತು, ಇವರ ಚರ್ಮದ ಚಪ್ಪಲಿ ಹಸಿರಾಗಿತ್ತು.

ಪೆನ್ಷನ್ ನನ್ನದು. ನವೆಂಬರ್‌ನಲ್ಲಿ ಬದುಕಿದ್ದೀನಿ ಅಂತ ಪ್ರಮಾಣಪತ್ರ ಕೊಡಬೇಕಲ್ಲ. ಈಗ ಜೀವನ್ ಪ್ರಮಾಣ್ ಅಂತ ಮೊಬೈಲಿನಲ್ಲೇ ಮುಖ ತೋರಿಸಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಬ್ಯಾಂಕು, ಖಜಾನೆ ಅದನ್ನು ಒಪ್ಪುತ್ತಾ ಅಂತ ಹೋಗುವ ಮೊದಲೇ ಕೇಳಿಕೊಳ್ಳಿ. ನಾನು ಮೂರು ಸಲ ಮುಖ ತೋರಿಸಿದೆ, ಆಗಲಿಲ್ಲ. ಕುಂಕುಮ ಒರೆಸಿ ನಾಲ್ಕನೇ ಸಲ ತೋರಿಸಿದೆ, ಆಯಿತು. ಕುಂಕುಮಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಮಗ ಹೇಳುತ್ತಾನೆ. ಇರಬಹುದು.

ಕಾಯಿಲೆ ಕಸಾಲೆ ಆದರೆ?
(ಓದುಗರು, ಭದ್ರಾವತಿ)

ಬಿಪಿ, ಶುಗರ್ ಮಾತ್ರೆ ಮೂರು ತಿಂಗಳಿಗಾಗುವಷ್ಟು ಒಯ್ಯಿರಿ, ಡಾಕ್ಟರ ಚೀಟಿ ಜೊತೆಗಿರಲಿ. ಅಲ್ಲಿ ಮಾತ್ರೆ ಸುಮ್ನೆ ಕೊಡಲ್ಲ, ಅಲ್ಲಿನ ಡಾಕ್ಟರೇ ಬರೆದುಕೊಡಬೇಕು. ಇನ್ಶೂರೆನ್ಸ್ ಇಲ್ಲದೆ ಮನೆ ಹೊಸಿಲು ದಾಟಬೇಡಿ. ಮೊದಲೇ ಇದ್ದ ಕಾಯಿಲೆಗೆ ಏನು ಕೊಡುತ್ತಾರೆ, ಹಲ್ಲಿಗೆ ಕೊಡುತ್ತಾರಾ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನೇ ಓದಿ. ನಾನು ಜನವರಿಯಲ್ಲಿ ಕಸ ಹಾಕಲು ಹೋಗಿ ಮಂಜುಗಡ್ಡೆ ಮೇಲೆ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡೆ. ಆಸ್ಪತ್ರೆ ಬಿಲ್ಲಿನಲ್ಲಿ ಇನ್ಶೂರೆನ್ಸಿನವರು ಕಟ್ಟದೆ ಬಿಟ್ಟ ಭಾಗವೇ ನಮ್ಮ ಒಂದು ಕೊಯ್ಲಿನ ದುಡ್ಡು. ಕಾಲಿಗೆ ಹವಾಯಿ ಚಪ್ಪಲಿ ಇತ್ತು ಅಂತ ಇವರು ಇವತ್ತಿಗೂ ಎಲ್ಲರಿಗೂ ಹೇಳಿಕೊಂಡು ಬರುತ್ತಾರೆ.

ನಿಮ್ಮ ಹಾಗೆ ವಯಸ್ಸಾದಮೇಲೆ ಧರ್ಮದ ಕೆಲಸಕ್ಕೆ ಪರದೇಶಕ್ಕೋ ಪರಊರಿಗೋ ಹೋದ ಬೇರೆಯವರು ಸಿಕ್ಕರಾ?
(ಓದುಗರು, ಸೊರಬ)

ಒಳ್ಳೇ ಪ್ರಶ್ನೆ. ಸಿಕ್ಕರು, ಬಟ್ಟೆ ಒಗೆಯುವಲ್ಲಿ.

ನಮ್ಮ ರೂಮಿನ ವಾಷಿಂಗ್ ಮೆಷಿನ್ ಕೆಟ್ಟು ಎರಡು ತಿಂಗಳು ಪೇಟೆಯ ಕಾಸಿನ ಮೆಷಿನ್ನಿಗೆ ಬಟ್ಟೆ ಒಯ್ಯಬೇಕಾಯಿತು. ಅಲ್ಲಿ ಪ್ರತಿ ಗುರುವಾರ ಒಂದು ವಯಸ್ಸಾದ ಜೋಡಿ ಬರುತ್ತಿತ್ತು. ಆಕೆ ಉದ್ದ ಲಂಗ, ಆತ ಟೈ. ಇಬ್ಬರ ಎದೆ ಮೇಲೂ ಕಪ್ಪು ಹೆಸರುಪಟ್ಟಿ. ಆಕೆ ನನ್ನ ಸೀರೆ ನೋಡಿ ನಕ್ಕಳು. ನನ್ನ ಇಂಗ್ಲಿಷ್ ನಾಲ್ಕನೇ ತರಗತಿಯದ್ದು. "ಹೌ ಮೆನಿ ಮಂತ್ಸ್?" ಅಂದೆ. "ಎಯ್ಟೀನ್" ಅಂದಳು. "ಮೀ ಆಲ್ಸೋ ಎಯ್ಟೀನ್" ಅಂದೆ. ಅಲ್ಲಿಂದ ಸ್ನೇಹ.

ಅವರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಅನ್ನುವ ಪಂಥದವರು. ಜನ ಮಾರ್ಮನ್ನರು ಅಂತ ಕರೆಯುತ್ತಾರೆ. ಅವರ ಮುಖ್ಯ ಕಚೇರಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಅವರಲ್ಲಿ ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ ಮನೆ ಬಿಟ್ಟು ಸೇವೆಗೆ ಹೋಗುತ್ತಾರೆ. ನಮ್ಮ ವಯಸ್ಸಿನ ಗಂಡ ಹೆಂಡತಿಯೂ ಹೋಗಬಹುದು, ಆರು ತಿಂಗಳಿಂದ 23 ತಿಂಗಳವರೆಗೆ, ದೇಶದೊಳಗೂ ಹೊರದೇಶಕ್ಕೂ. ಬಾಡಿಗೆ, ಊಟ ಎಲ್ಲ ಸ್ವಂತ ಖರ್ಚು. ಸಂಬಳ ಇಲ್ಲ, ಕೈಖರ್ಚೂ ಇಲ್ಲ. ಅದನ್ನು ಕೇಳಿ ನಮ್ಮನೆಯವರು ನನ್ನ ನೋಟ್‌ಬುಕ್ಕಿನ ಕಡೆ ಕಣ್ಣು ತಿರುಗಿಸಿದರು. ನಾನು ನೋಡದ ಹಾಗೆ ಇದ್ದೆ.

ಸೇವೆಗೆ ಹೋದ ಗಂಡಸರಿಗೆಲ್ಲ "ಎಲ್ಡರ್" ಅಂತ ಕರೆಯುವುದು. ಹಿರಿಯ ಅಂತ ಅರ್ಥ. ಮೀಸೆ ಬಾರದ ಹುಡುಗರೂ ಎಲ್ಡರ್, ಈ ತಾತನೂ ಎಲ್ಡರ್. ಹೆಂಗಸರು "ಸಿಸ್ಟರ್". ಈ ಜೋಡಿ ಐಡಾಹೊ ರಾಜ್ಯದವರು, ಆಲೂಗಡ್ಡೆ ಬೆಳೆಗಾರರು. ಹೊಲವನ್ನು ಮಗನ ಕೈಗೆ ಕೊಟ್ಟು ಬಂದಿದ್ದರು. ಆತನೂ ಫೋನಿನಲ್ಲಿ "ನೀರು ಬಿಟ್ಟೆಯಾ, ಮೂಲೆ ನೋಡಿದೆಯಾ" ಅಂತ ಮಗನ ಪ್ರಾಣ ತಿನ್ನುತ್ತಾನೆ ಅಂತ ಆಕೆ ಹೇಳಿದಳು. ನಾನು ಇವರ ಕಡೆ ಕೈ ತೋರಿಸಿದೆ.

ಮನೆಮನೆಗೆ ಹೋಗಿ ಬೋಧನೆ ಮಾಡುವುದು ಹೆಚ್ಚಾಗಿ ಹುಡುಗರ ಕೆಲಸ. ಈ ದೊಡ್ಡವರ ಕೆಲಸ ಏನು ಗೊತ್ತಾ? ಆ ಹುಡುಗರು ಬಾಡಿಗೆಗಿರುವ ರೂಮುಗಳಿಗೆ ಹೋಗಿ, ಪಾತ್ರೆ ತೊಳೆದಿದ್ದಾರಾ, ಬಚ್ಚಲು ಉಜ್ಜಿದ್ದಾರಾ ಅಂತ ನೋಡುವುದು. ಒಡೆದ ಬಲ್ಬು ಬದಲಿಸುವುದು, ಮನೆ ನೆನೆದು ಅಳುವವನಿಗೆ ಸೂಪು ಮಾಡಿಕೊಡುವುದು. 2019ಕ್ಕೆ ಮುಂಚೆ ಆ ಹುಡುಗರು ಮನೆಗೆ ಫೋನ್ ಮಾಡಬಹುದಾಗಿದ್ದು ವರ್ಷಕ್ಕೆ ಎರಡೇ ಸಲವಂತೆ, ಕ್ರಿಸ್ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ. ಈಗ ವಾರಕ್ಕೊಮ್ಮೆ. ಆಕೆಗೆ ಆರು ಮಕ್ಕಳು, ಆ ಹಳೇ ನಿಯಮದಲ್ಲಿ ಮೂವರನ್ನು ಕಳಿಸಿದ್ದಳು. ಅದನ್ನು ಹೇಳುವಾಗ ಬಟ್ಟೆ ಮಡಿಸುವುದನ್ನು ನಿಲ್ಲಿಸಿದ್ದಳು.

ಒಂದು ದಿನ ಊಟಕ್ಕೆ ಕರೆದೆ. ಊಟ ಆದಮೇಲೆ ಫಿಲ್ಟರ್ ಕಾಫಿ ತಂದರೆ ಇಬ್ಬರೂ ಕೈ ಮುಗಿದರು. ಅವರ ಧರ್ಮದಲ್ಲಿ ಕಾಫಿಯೂ ಇಲ್ಲ, ಟೀಯೂ ಇಲ್ಲ. ಚಿಕ್ಕಮಗಳೂರು ಕಾಫಿಪುಡಿ ಹೊತ್ತುಕೊಂಡು ಹೋಗಿದ್ದು ದಂಡ. ಆಗ ಹೊಳೆಯಿತು, ನಮ್ಮ ಕಷಾಯ ಇದೆಯಲ್ಲ! ಕೊತ್ತಂಬರಿ, ಜೀರಿಗೆ, ಸ್ವಲ್ಪ ಮೆಂತೆ, ಕಾಳುಮೆಣಸು ಹುರಿದ ಪುಡಿ. ಬೆಲ್ಲ, ಹಾಲು ಹಾಕಿ ಕುದಿಸಿ ಕೊಟ್ಟೆ. ಆತ ಎರಡನೇ ಲೋಟ ಕೇಳಿದ. ಆಮೇಲೆ ಪ್ರತಿ ಗುರುವಾರ ಬಟ್ಟೆ ಜೊತೆ ಒಂದು ಫ್ಲಾಸ್ಕು ಹೋಗುತ್ತಿತ್ತು. ಅವರೂ ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ ಮಾಡುತ್ತಾರೆ. ನಾವು ತಿಂಗಳಿಗೆ ಎರಡು ಏಕಾದಶಿ ಅಂದಾಗ ಆಕೆ ಹುಬ್ಬೇರಿಸಿದಳು. ಸಬ್ಬಕ್ಕಿ ಉಪ್ಪಿಟ್ಟಿನ ವಿಷಯ ನಾನು ಬಾಯಿಬಿಡಲಿಲ್ಲ.

ನಿಮ್ಮನ್ನು ಅವರ ಧರ್ಮಕ್ಕೆ ಕರೆದರಾ ಅಂತ ಕೆಲವರು ಪತ್ರದಲ್ಲಿ ಕೇಳಿದ್ದೀರಿ. ಒಂದು ಪುಸ್ತಕ ಕೊಟ್ಟಳು, ತೆಗೆದುಕೊಂಡೆ. ಓದಿದಿರಾ ಅಂತ ಒಂದು ಸಲ ಕೇಳಿದಳು. ಕನ್ನಡಕದ ನಂಬರ್ ಬದಲಾಗಿದೆ ಅಂದೆ. ಮತ್ತೆ ಕೇಳಲಿಲ್ಲ. ನನ್ನ ಕೈ ಮುರಿದಾಗ ಮೊದಲು ಬಂದವಳು ಆಕೆ. ಬಂದು ನಮ್ಮ ಬಚ್ಚಲನ್ನೂ ಉಜ್ಜಿ ಹೋದಳು, ಹುಡುಗರ ರೂಮು ತಪಾಸಣೆ ಮಾಡುವವರ ಕಣ್ಣು ತಪ್ಪುತ್ತಾ?

ಇಪ್ಪತ್ನಾಲ್ಕು ಗಂಟೆ ಗಂಡನ ಜೊತೆ ಒಂದೇ ರೂಮು. ಜಗಳ ಆಡಲಿಲ್ವಾ?
(ಓದುಗರು, ಶಿಕಾರಿಪುರ. "ಹೆಸರು ಹಾಕಬೇಡಿ" ಅಂತ ಎರಡು ಸಲ ಬರೆದಿದ್ದಾರೆ)

ಆಡಿದೆವು. ಊರಲ್ಲಿ ಜಗಳ ಆದರೆ ಅವರು ತೋಟಕ್ಕೆ ಹೋಗುತ್ತಾರೆ, ನಾನು ಕೊಟ್ಟಿಗೆಗೆ. ಅಲ್ಲಿ ಹೋಗಲು ಜಾಗ ಎಲ್ಲಿದೆ? ಹೀಟರ್ ಎಷ್ಟಕ್ಕೆ ಇಡಬೇಕು ಅನ್ನುವುದು ಹದಿನೆಂಟು ತಿಂಗಳ ಜಗಳ. ಇನ್ನೊಂದು, ಎಲೆ ಅಡಿಕೆ. ಇಲ್ಲಿಂದ ಒಯ್ಯಲು ನಾನು ಬಿಡಲಿಲ್ಲ. ಅಡಿಕೆ ಬೆಳೆಯುವವರು ಪರದೇಶದಲ್ಲಿ ಅಂಗಡಿ ಮುಂದೆ ನಿಂತು ಡಾಲರ್ ಕೊಟ್ಟು ಅಡಿಕೆ ಕೊಳ್ಳುವಾಗ ಇವರ ಮುಖ ನೋಡಬೇಕಿತ್ತು. "ಹಳೇ ಅಡಿಕೆ, ಹುಳ ಹಿಡಿದಿದೆ" ಅಂತ ಅಂಗಡಿಯವನಿಗೆ ಕನ್ನಡದಲ್ಲೇ ಹೇಳಿ ಬಂದರು.

ಮಾತು ಬಿಟ್ಟ ದಿನ ನೋಟ್‌ಬುಕ್ಕಿನಲ್ಲಿ ಒಂದು ಸೊನ್ನೆ ಹಾಕಿದ್ದೇನೆ. ಮೊನ್ನೆ ಎಣಿಸಿದೆ, ಹನ್ನೊಂದು. ಅವರಿಗೆ ತೋರಿಸಿದೆ. "ಅಷ್ಟೇನಾ?" ಅಂದರು.

ನನ್ನ ಮಗಳು ಟೆಕ್ಸಾಸ್‌ನಲ್ಲಿದ್ದಾಳೆ, ಬಾಣಂತನಕ್ಕೆ ಹೋಗುತ್ತಿದ್ದೇನೆ. ಅಪ್ಪೆಮಿಡಿ ಒಯ್ಯಬಹುದಾ? ಕೆಸುವಿನೆಲೆ ಇಲ್ಲದೆ ಪತ್ರೊಡೆ ಮಾಡಿದೆ ಅಂತ ಬರೆದಿದ್ದಿರಿ, ಹೇಗೆ?
(ಓದುಗರು, ತೀರ್ಥಹಳ್ಳಿ)

ನಾನು ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದೆ, ದೊಡ್ಡ ಬ್ಯಾಗಿನಲ್ಲಿ, ಎರಡು ಡಬ್ಬಿ ಒಂದರೊಳಗೊಂದು. ಕೈಚೀಲದಲ್ಲಿ ಇಡಬೇಡಿ, ರಸ ಇರುವುದನ್ನು ಬಿಡಲ್ಲ. ಹಸಿ ಹಣ್ಣು, ಸೊಪ್ಪು, ಬೀಜ, ಗಿಡ ಒಯ್ಯಲೇಬೇಡಿ. ಏನೇ ತಿನ್ನುವ ಪದಾರ್ಥ ಇದ್ದರೂ ಇಳಿದಕೂಡಲೇ ಇದೆ ಅಂತ ಹೇಳಿಬಿಡಿ. ಹೇಳಿದರೆ ಬೇಡವಾದದ್ದನ್ನು ತೆಗೆದಿಟ್ಟುಕೊಳ್ಳುತ್ತಾರೆ ಅಷ್ಟೇ, ಮುಚ್ಚಿಟ್ಟರೆ ದಂಡ. ನನ್ನ ಡಬ್ಬಿ ಬಿಚ್ಚಿ ಮೂಸಿದ ಅಧಿಕಾರಿ ಸೀನಿದ, ಮುಚ್ಚಿ ಕೊಟ್ಟ.

ಪತ್ರೊಡೆಗೆ ಅಲ್ಲಿ ಕೊಲಾರ್ಡ್ ಅಂತ ಒಂದು ಸೊಪ್ಪು ಸಿಗುತ್ತೆ, ಕೋಸಿನ ಜಾತಿ, ಎಲೆ ಅಗಲ. ನಡುವಿನ ದಪ್ಪ ದಂಟನ್ನು ಚಾಕುವಿನಲ್ಲಿ ಕೆತ್ತಿ ತೆಳು ಮಾಡಿ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ, ಇಲ್ಲದಿದ್ದರೆ ಮಡಿಸುವಾಗ ಹರಿಯುತ್ತೆ. ಹಿಟ್ಟು ನಮ್ಮದೇ, ನೆನೆಸಿದ ಅಕ್ಕಿ, ಕೊತ್ತಂಬರಿ, ಜೀರಿಗೆ, ಒಣಮೆಣಸು, ಕಾಯಿ, ಬೆಲ್ಲ, ಹುಣಸೆಹಣ್ಣು, ಅರಿಸಿನ, ಉಪ್ಪು ಹಾಕಿ ಗಟ್ಟಿಯಾಗಿ ರುಬ್ಬಿ. ಹೆಪ್ಪುಗಟ್ಟಿಸಿದ ಕಾಯಿತುರಿ ಪ್ಯಾಕೆಟ್ಟಿನಲ್ಲಿ ಸಿಗುತ್ತೆ, ರುಬ್ಬುವ ಮೊದಲು ಪೂರ್ತಿ ಕರಗಿರಲಿ. ಹುಣಸೆಹಣ್ಣು ಅರ್ಧಕ್ಕರ್ಧ ಕಮ್ಮಿ ಮಾಡಿ, ಕೆಸುವಿನ ತುರಿಕೆ ಈ ಎಲೆಗಿಲ್ಲ. ನಾಲ್ಕು ಎಲೆ ಒಂದರ ಮೇಲೊಂದು ಇಟ್ಟು ಹಿಟ್ಟು ಹಚ್ಚಿ ಸುತ್ತಿ. ಹಬೆಯಲ್ಲಿ ಕೆಸುವಿಗಿಂತ ಹತ್ತು ನಿಮಿಷ ಜಾಸ್ತಿ ಬೇಯಬೇಕು. ಪೂರ್ತಿ ತಣಿದಮೇಲೆ ಕತ್ತರಿಸಿ, ಬಿಸಿ ಇರುವಾಗ ಕತ್ತರಿಸಿದರೆ ಸುರುಳಿ ಬಿಚ್ಚಿಕೊಂಡುಬಿಡುತ್ತೆ.